ಹವಳದ ದ್ವೀಪಗಳಲ್ಲಿ ಪರಿಸರದ ಪಾಠ

ಮಂಗಳೂರಿನ ಹಳೆ ಬಂದರಿಗೆ ನೀವು ಎಂದಾದರೂ ಹೋಗಿದ್ದರೆ, ಅಕ್ಕಿ, ತರಕಾರಿ, ಸಿಮೆಂಟ್, ಜಲ್ಲಿ ಹೇರಿಕೊಂಡು ಹೊರಡಲು ಸಿದ್ಧವಾಗಿ ನಿಂತ ಮಂಜಿಗಳನ್ನು ನೋಡಿರಬಹುದು. ಅವು ಹೋಗುವುದು ಲಕ್ಷದ್ವೀಪಕ್ಕೆ. ಅಲ್ಲಿನ ಜನ ತಿನ್ನುವ ಅಕ್ಕಿ, ಅವರ ಮನೆಯ ಗೋಡೆಗೆ ಬೇಕಾದ ಸಿಮೆಂಟ್, ಮಕ್ಕಳು ಕೈಯಲ್ಲಿ ಹಿಡಿಯುವ ಬಿಸ್ಕತ್ತು ಎಲ್ಲವೂ ಹೀಗೆ ಸಮುದ್ರ ದಾಟಿಯೇ ಬರಬೇಕು. ದ್ವೀಪದ ನೆಲ ಕೊಡುವುದು ಮುಖ್ಯವಾಗಿ ತೆಂಗು. ಸಮುದ್ರ ಕೊಡುವುದು ಮೀನು.

ಈ ನಂಟು ಇಂದು ನಿನ್ನೆಯದಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನರ ಆಡಳಿತಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಅವು ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದವು ಮತ್ತು ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯುತ್ತಿತ್ತು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವಾಗುವವರೆಗೂ ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಹಿಂದೆ ಅಲ್ಲಿನವರು ಹಾಯಿಯ ಓಡಗಳಲ್ಲಿ ಹುರಿಹಗ್ಗ ಮತ್ತು ಕೊಬ್ಬರಿ ತಂದು ಮಂಗಳೂರಿನಲ್ಲಿ ಮಾರಿ ಅಕ್ಕಿ ಕೊಂಡೊಯ್ಯುತ್ತಿದ್ದರು. ಅಲ್ಲಿ ಮಾತನಾಡುವ ಜೆಸರಿ ಮಲಯಾಳಂ, ಮನೆಯಲ್ಲಿ ಬ್ಯಾರಿ ಭಾಷೆ ಆಡುವವರಿಗೆ ಕೆಲವೇ ದಿನಗಳಲ್ಲಿ ಅರ್ಥವಾಗುತ್ತದೆ. ನನಗೆ ಈ ಕೆಲಸ ದೊರೆಯಲು ಅದೂ ಒಂದು ಕಾರಣ.

ಪ್ರಕೃತಿ ಸಂರಕ್ಷಣೆಗಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ನಾನು ಪರಿಸರ ಶಿಕ್ಷಕಿ. ವರ್ಷದ ಕೆಲವು ತಿಂಗಳು ಈ ದ್ವೀಪಗಳಲ್ಲಿರುತ್ತೇನೆ. 'ಪರಿಸರ ಶಿಕ್ಷಕಿ ಅಂದರೆ ಏನು, ಗಿಡ ನೆಡಿಸುವುದಾ?' ಎಂದು ಊರಿನಲ್ಲಿ ಕೇಳುವವರಿಗೆ ಎರಡು ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಆದ್ದರಿಂದ ನಿಮ್ಮನ್ನೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ, ಬನ್ನಿ.

ಚಿಕ್ಕ ನೆಲ, ದೊಡ್ಡ ಕಡಲು

ಲಕ್ಷದ್ವೀಪದ ಒಟ್ಟು ನೆಲ ಕೇವಲ 32 ಚದರ ಕಿಲೋಮೀಟರ್. ನಮ್ಮ ಒಂದು ತಾಲೂಕಿನ ಮೂಲೆಯಲ್ಲಿ ಅದನ್ನು ಅಡಗಿಸಿಡಬಹುದು. ಜನವಸತಿ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ 64,473. ಅವರಲ್ಲಿ ನೂರಕ್ಕೆ 96ಕ್ಕೂ ಹೆಚ್ಚು ಮಂದಿ ಮುಸ್ಲಿಮರು. ಆದರೆ ದ್ವೀಪಗಳನ್ನು ಅಪ್ಪಿಕೊಂಡಿರುವ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಶಾಂತವಾದ ನೀರು, ಸುಮಾರು 4,200 ಚದರ ಕಿಲೋಮೀಟರ್. ಇಲ್ಲಿ ನೆಲಕ್ಕಿಂತ ನೀರೇ ನಾಡು.

ಕೊಚ್ಚಿಯಿಂದ ಹಡಗಿನಲ್ಲಿ ಹೋದರೆ ದ್ವೀಪಕ್ಕೆ ತಕ್ಕಂತೆ 14ರಿಂದ 20 ಗಂಟೆಗಳ ಪ್ರಯಾಣ. ಅಗತ್ತಿಯಲ್ಲಿ ವಿಮಾನ ನಿಲ್ದಾಣವಿದೆ. ದ್ವೀಪದವರಲ್ಲದವರು ಪ್ರವೇಶ ಪರವಾನಗಿ ಪಡೆಯಲೇಬೇಕು. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ತಿಳಿ ಹಸಿರು ನೀರಿನ ನಡುವೆ ಒಂದು ಉದ್ದನೆಯ ಪಟ್ಟಿ, ಅದರ ತುಂಬ ತೆಂಗಿನ ಮರಗಳು. ಅದೇ ಅಗತ್ತಿ. ಉದ್ದ ಏಳೂವರೆ ಕಿಲೋಮೀಟರಿನಷ್ಟು. ಹಲವು ಕಡೆ ದಾರಿಯಲ್ಲಿ ನಿಂತರೆ ಎಡಕ್ಕೂ ಬಲಕ್ಕೂ ಸಮುದ್ರ ಕಾಣುತ್ತದೆ.

ಮಹಿಳೆಯರಿಗೆ ಇಲ್ಲಿನ ಬದುಕಿನಲ್ಲಿ ವಿಶೇಷ ಸ್ಥಾನವಿದೆ. ದ್ವೀಪಗಳಲ್ಲಿ ತಾಯಿಯ ಕಡೆಯಿಂದ ವಂಶ ಗುರುತಿಸುವ ಪದ್ಧತಿ ಬೆಳೆದು ಬಂದಿದೆ. ತರವಾಡಿಗೆ ಸೇರಿದ, ಹೆಣ್ಣುಮಕ್ಕಳ ಮೂಲಕ ಮುಂದುವರಿಯುವ ಆಸ್ತಿಗೆ 'ಶುಕ್ರವಾರದ ಆಸ್ತಿ' ಎಂದೂ ಸ್ವಂತ ಸಂಪಾದನೆಯ ಆಸ್ತಿಗೆ 'ಸೋಮವಾರದ ಆಸ್ತಿ' ಎಂದೂ ಹೆಸರು. ತೆಂಗಿನ ಸಿಪ್ಪೆಯನ್ನು ಲಗೂನಿನ ದಡದ ಮರಳಿನಲ್ಲಿ ತಿಂಗಳುಗಟ್ಟಲೆ ಹೂತಿಟ್ಟು, ಕೊಳೆತ ಮೇಲೆ ಬಡಿದು ನಾರು ತೆಗೆದು ಹುರಿ ಹೊಸೆಯುವ ಕೆಲಸ ಹೆಂಗಸರದು. ಇಳಿತದ ಹೊತ್ತಿನಲ್ಲಿ ದಿಬ್ಬದ ಮೇಲೆ ನಡೆದು ಕವಡೆ, ಆಕ್ಟೋಪಸ್ ಹಿಡಿಯುವುದರಲ್ಲೂ ಅವರು ನಿಪುಣರು. ಹಾಗಾಗಿ ಇಲ್ಲಿ ಪರಿಸರದ ಪಾಠ ಎಂದರೆ ಶಾಲೆಯ ಮಕ್ಕಳಿಗಷ್ಟೇ ಹೇಳಿ ಮುಗಿಸುವಂಥದ್ದಲ್ಲ. ಅಡುಗೆ ಮನೆಯಲ್ಲಿ, ಬಾವಿಕಟ್ಟೆಯಲ್ಲಿ ಅದು ನಡೆಯಬೇಕು.

ಕ್ಯಾಲೆಂಡರ್‌ನಲ್ಲಿ ಅಡಗಿದ ಕಡಲು

ನಮ್ಮ ದೇಶದಲ್ಲಿ ಪರಿಸರ ಶಿಕ್ಷಣಕ್ಕೆ ಕಾನೂನಿನ ಬಲವೂ ಇದೆ. ಎಂ.ಸಿ. ಮೆಹ್ತಾ ಎಂಬ ವಕೀಲರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ ನೀಡಿದ ತೀರ್ಪು, ಎಲ್ಲಾ ಹಂತದ ಶಿಕ್ಷಣದಲ್ಲೂ ಪರಿಸರವನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದಿತು. ನಿಮ್ಮ ಮಕ್ಕಳ ಪಠ್ಯಪುಸ್ತಕಗಳಲ್ಲಿ ಪರಿಸರ ಕಾಣಿಸಿಕೊಳ್ಳುವುದರ ಹಿಂದೆ ಆ ತೀರ್ಪೂ ಇದೆ. ಆದರೆ ಪುಸ್ತಕದಲ್ಲಿ ಹುಲಿ, ಆನೆ, ಹಿಮಾಲಯ ಇರುತ್ತವೆ. ಕಾಡು, ನದಿ, ಬೆಟ್ಟ ಯಾವುದೂ ಇಲ್ಲದ ದ್ವೀಪದ ಮಗುವಿಗೆ ಅದು ಯಾರದೋ ಊರಿನ ಕತೆ. ಮಗುವಿನ ಕಾಲ ಬುಡದಲ್ಲಿರುವುದನ್ನು ಪಾಠ ಮಾಡುವುದೇ ನಮ್ಮಂಥವರ ಕೆಲಸ.

ನನ್ನ ಮೊದಲ ಪಾಠ ಹಿಜರಿ ಕ್ಯಾಲೆಂಡರ್‌ನಿಂದ ಆರಂಭವಾಗುತ್ತದೆ. ಅದು ಚಂದ್ರನ ಲೆಕ್ಕ. ಸಮುದ್ರದ ಉಬ್ಬರ ಇಳಿತವೂ ಹೆಚ್ಚಾಗಿ ಚಂದ್ರನದೇ ಲೆಕ್ಕ. ಹಿಜರಿ ತಿಂಗಳ ಆರಂಭದಲ್ಲಿ ಮತ್ತು ನಡುವಿನಲ್ಲಿ, ಅಂದರೆ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ, ನೀರು ತುಂಬಾ ಏರುತ್ತದೆ, ತುಂಬಾ ಇಳಿಯುತ್ತದೆ. ಏಳೆಂಟನೆಯ ಮತ್ತು ಇಪ್ಪತ್ತೆರಡನೆಯ ತಾರೀಖಿನ ಸುಮಾರಿಗೆ ಈ ವ್ಯತ್ಯಾಸ ಕಡಿಮೆ. ಉಬ್ಬರ ಬರುವ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಮನೆಯ ಗೋಡೆಯಲ್ಲಿ ತೂಗುವ ಕ್ಯಾಲೆಂಡರ್ ನೋಡಿ ಮಕ್ಕಳು ಯಾವ ದಿನ ದಿಬ್ಬದ ಮೇಲೆ ನಡೆಯಬಹುದು ಎಂದು ತಾವೇ ಲೆಕ್ಕ ಹಾಕುತ್ತಾರೆ. ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತು. 'ಇದನ್ನು ಕಲಿಸಲು ಟೀಚರ್ ಬರಬೇಕಾಯಿತಾ?' ಎಂದು ಅವರು ನಗುತ್ತಾರೆ. ಅವರನ್ನೇ ಕರೆದು ಪಾಠ ಮಾಡಿಸುವುದು ನನಗೆ ಇನ್ನೂ ಸುಲಭ.

ಲೆಕ್ಕ ಹಾಕಿದ ದಿನ ಎಲ್ಲರೂ ಚಪ್ಪಲಿ ಕಟ್ಟಿಕೊಂಡು ನೀರಿಗಿಳಿಯುತ್ತೇವೆ. ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಲ್ಲಿಗೆ ಪಾರದರ್ಶಕ ಹಾಳೆ ಅಂಟಿಸಿ ಮಾಡಿದ ಸಾಧನ ನಮ್ಮ ದುರ್ಬೀನು. ಅದನ್ನು ನೀರಿನ ಮೇಲೆ ಒತ್ತಿ ಹಿಡಿದರೆ ಕೆಳಗಿನ ಲೋಕ ಸ್ಪಷ್ಟವಾಗಿ ಕಾಣುತ್ತದೆ. ಮುಳುಗಬೇಕಾಗಿಲ್ಲ, ಬಟ್ಟೆ ಬದಲಿಸಬೇಕಾಗಿಲ್ಲ. ಆದ್ದರಿಂದ ಹೆಣ್ಣುಮಕ್ಕಳ ಜೊತೆ ಅವರ ತಾಯಂದಿರೂ ಬರುತ್ತಾರೆ. ಒಂದೇ ನಿಯಮ: ಮರಳಿನ ಮೇಲೆ ಮಾತ್ರ ಕಾಲಿಡಬೇಕು. ಹವಳದ ಮೇಲೆ ತುಳಿಯಬಾರದು.

ದ್ವೀಪವನ್ನು ಕಟ್ಟಿದವರು

ಹವಳ ಕಲ್ಲಲ್ಲ, ಗಿಡವಲ್ಲ. ಅದು ಜೀವಿ. ಹೆಚ್ಚಿನ ಹವಳದ ಜೀವಿಗಳು ಸಾಸಿವೆಯಿಂದ ಬಟಾಣಿ ಕಾಳಿನವರೆಗಿನ ಗಾತ್ರದವು. ಅವು ಸಮುದ್ರದ ನೀರಿನಿಂದ ಸುಣ್ಣ ತೆಗೆದು ತಮ್ಮ ಸುತ್ತ ಗೂಡು ಕಟ್ಟಿಕೊಳ್ಳುತ್ತವೆ. ಸತ್ತ ಗೂಡಿನ ಮೇಲೆ ಹೊಸ ಗೂಡು ಏಳುತ್ತದೆ. ಹೀಗೆ ಸಾವಿರಾರು ವರ್ಷ ಬೆಳೆದು ನಿಂತದ್ದೇ ಹವಳದ ದಿಬ್ಬ. ಅದರ ದೇಹದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಪಾಚಿಗಳು ವಾಸಿಸುತ್ತವೆ. ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೆ ಊಟ ಕೊಡುವುದು, ಬಣ್ಣ ಕೊಡುವುದು ಆ ಪಾಚಿಗಳೇ.

ಇನ್ನು ಮರಳು. 'ಈ ಬೀಚಿನ ಮರಳು ಎಲ್ಲಿಂದ ಬಂತು?' ಎಂದು ಕೇಳಿದರೆ ಮಕ್ಕಳು ಯೋಚಿಸುತ್ತಾರೆ. ನಮ್ಮ ನೇತ್ರಾವತಿಯಂತೆ ಮರಳು ಹೊತ್ತು ತರುವ ನದಿ ಅಲ್ಲಿಲ್ಲ. ಆಗ ಬಕೆಟ್ಟಿನ ಮೂಲಕ ಗಿಳಿಮೀನನ್ನು ತೋರಿಸುತ್ತೇವೆ. ಗಿಳಿಯ ಕೊಕ್ಕಿನಂಥ ಬಾಯಿಯಿಂದ ಅದು ಸತ್ತ ಹವಳವನ್ನು ಕೆರೆದು ಪಾಚಿ ತಿನ್ನುತ್ತದೆ. ಜೊತೆಗೆ ಹೊಟ್ಟೆ ಸೇರಿದ ಸುಣ್ಣ ಪುಡಿಯಾಗಿ ಬಿಳಿ ಮರಳಾಗಿ ಹೊರಬೀಳುತ್ತದೆ. ದೊಡ್ಡ ಜಾತಿಯ ಒಂದು ಗಿಳಿಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ದ್ವೀಪದ ನೆಲ ಎಂದರೆ ಇಂತಹ ಮರಳು, ಹವಳದ ಚೂರು, ಚಿಪ್ಪುಗಳ ರಾಶಿಯೇ. ಅದು ಸಮುದ್ರ ಮಟ್ಟದಿಂದ ಒಂದೆರಡು ಮೀಟರಿನಷ್ಟೇ ಮೇಲಿದೆ. ಮುಂಗಾರಿನ ಅಲೆಗಳು ಅದನ್ನು ಕೊಚ್ಚಿಕೊಂಡು ಹೋಗದಂತೆ ಹೊರಗಿನ ದಿಬ್ಬ ತಡೆಯುತ್ತದೆ. ದಿಬ್ಬ ಜೀವಂತವಾಗಿದ್ದರೆ ಮಾತ್ರ ಗೋಡೆ ದುರಸ್ತಿಯಾಗುತ್ತಿರುತ್ತದೆ. ಇಷ್ಟು ತಿಳಿದ ಮಗುವಿಗೆ ಹವಳ ತುಳಿಯಬೇಡ ಎಂದು ಎರಡನೆಯ ಸಲ ಹೇಳಬೇಕಾಗುವುದಿಲ್ಲ.

ಒಂದು ಲೋಟ ನೀರಿನ ಪಾಠ

ಈಗ ಹೇಳುವ ಪ್ರಯೋಗವನ್ನು ನೀವು ನಿಮ್ಮ ಅಡುಗೆ ಮನೆಯಲ್ಲೇ ಮಾಡಿ ನೋಡಬಹುದು. ಒಂದು ಗಾಜಿನ ಲೋಟದಲ್ಲಿ ಅರ್ಧದಷ್ಟು ನೀರು ತೆಗೆದು ಮೂರು ಚಮಚ ಉಪ್ಪು ಕದಡಿ, ಚಿಟಿಕೆ ಬಣ್ಣ ಹಾಕಿ. ಅದರ ಮೇಲೆ ಒಂದು ಚಮಚವನ್ನು ಅಡ್ಡ ಹಿಡಿದು, ಬಣ್ಣವಿಲ್ಲದ ಸಿಹಿನೀರನ್ನು ನಿಧಾನವಾಗಿ ಸುರಿಯಿರಿ. ಎರಡೂ ಬೆರೆಯದೆ ಸಿಹಿನೀರು ಮೇಲೆ ತೇಲುತ್ತದೆ. ಈಗ ಮೇಲಿನ ನೀರಿಗೆ ಸ್ಟ್ರಾ ಇಟ್ಟು ಮೆಲ್ಲಗೆ ಹೀರಿ. ಸಿಹಿನೀರೇ ಬರುತ್ತದೆ. ಜೋರಾಗಿ ಹೀರಿದರೆ ಕೆಳಗಿನ ಬಣ್ಣದ ಉಪ್ಪುನೀರು ಮೇಲೆದ್ದು ಬರುತ್ತದೆ.

ದ್ವೀಪದ ಬಾವಿಗಳ ಕತೆ ಇಷ್ಟೇ. ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿರುವ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ವಿಜ್ಞಾನದ ಲೆಕ್ಕದ ಪ್ರಕಾರ ಸಿಹಿನೀರಿನ ಮಟ್ಟ ಒಂದು ಅಡಿ ತಗ್ಗಿದರೆ ತಳದ ಉಪ್ಪುನೀರು ಸುಮಾರು 40 ಅಡಿ ಮೇಲೇರಬಹುದು. ಕೊಡದಲ್ಲಿ ಸೇದುತ್ತಿದ್ದ ಕಾಲದಲ್ಲಿ ಬಾವಿ ಸಿಹಿಯಾಗಿಯೇ ಇತ್ತು. ಮೋಟಾರು ಬಂದು ಟ್ಯಾಂಕಿ ತುಂಬಿಸತೊಡಗಿದಾಗ ನೀರಿನ ರುಚಿ ಬದಲಾಯಿತು. ಜೊತೆಗೆ, ಇಷ್ಟು ತೆಳುವಾದ ಮರಳಿನಲ್ಲಿ ಶೌಚಾಲಯದ ಗುಂಡಿಗೂ ಬಾವಿಗೂ ಅಂತರವೂ ಕಡಿಮೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಸಿಹಿಯಾಗಿಸುವ ಘಟಕ ಆರಂಭವಾಯಿತು. ಕಡಲ ಮೇಲ್ಭಾಗದ ಬೆಚ್ಚಗಿನ ನೀರು ಮತ್ತು ಆಳದ ತಣ್ಣನೆಯ ನೀರನ್ನು ಬಳಸಿ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ತಯಾರಿಸುವ ವ್ಯವಸ್ಥೆ ಅದು. ಆ ಬಗೆಯ ಘಟಕಗಳು ನಂತರ ಬೇರೆ ದ್ವೀಪಗಳಿಗೂ ಬಂದವು. ಆದರೂ ಬಾವಿಯ ಬೆಲೆ ಕಡಿಮೆಯಾಗಿಲ್ಲ.

ಈ ಲೋಟದ ಪಾಠವನ್ನು ನಾನು ಮನೆಯಂಗಳದಲ್ಲಿ ಹುರಿ ಹೊಸೆಯುತ್ತಾ ಕುಳಿತ ಉಮ್ಮಂದಿರ ಮುಂದೆ ಮಾಡುತ್ತೇನೆ. ಸ್ಟ್ರಾದಲ್ಲಿ ಬಣ್ಣ ಏರುವುದನ್ನು ನೋಡಿದ ಮೇಲೆ ಮಾತು ತಾನಾಗಿ ಮೋಟಾರಿನ ಕಡೆಗೆ ತಿರುಗುತ್ತದೆ. ಯಾರ ಬಾವಿ ಯಾವ ವರ್ಷ ಉಪ್ಪಾಯಿತು, ಯಾರ ಮನೆಯಲ್ಲಿ ಎಷ್ಟು ಹೊತ್ತು ಪಂಪು ಓಡುತ್ತದೆ ಎಂಬುದನ್ನೆಲ್ಲ ಅವರೇ ಹೇಳುತ್ತಾರೆ. ನಾನು ಬರೆದುಕೊಳ್ಳುತ್ತೇನೆ.

ಬಾಣಲೆಗೆ ಬೀಳುವ ಮೀನು

ದ್ವೀಪದ ಊಟದಲ್ಲಿ 'ಚೂರ' ಎಂಬ ಮೀನಿಗೆ ಮೊದಲ ಸ್ಥಾನ. ಅದು ಟ್ಯೂನಾ. ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿದರೆ ಮರದ ತುಂಡಿನಂತೆ ಗಟ್ಟಿಯಾದ 'ಮಾಸ್' ಆಗುತ್ತದೆ. ಅದನ್ನು ತೆಳುವಾಗಿ ಕುಟ್ಟಿ ತೆಂಗಿನಕಾಯಿ, ಈರುಳ್ಳಿ ಬೆರೆಸಿದರೆ ಅನ್ನಕ್ಕೆ ಬೇರೇನೂ ಬೇಡ.

ಚೂರ ಹಿಡಿಯುವ ವಿಧಾನ ಮಿನಿಕಾಯ್ ದ್ವೀಪದವರದು. ಆಮೇಲೆ ಅದು ಉಳಿದ ದ್ವೀಪಗಳಿಗೂ ಹರಡಿತು. ಮುಂಜಾನೆ ಲಗೂನಿನಲ್ಲಿ ಚಿಕ್ಕ ಮೀನುಗಳನ್ನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಹೊರಗಡಲಿನಲ್ಲಿ ಚೂರದ ಹಿಂಡು ಕಂಡೊಡನೆ ಅವುಗಳನ್ನು ಎರಚಿ, ನೀರು ಚಿಮುಕಿಸಿ, ಗಾಳದ ಕೋಲಿನಿಂದ ಒಂದೊಂದಾಗಿ ಎತ್ತಿ ದೋಣಿಗೆ ಹಾಕುತ್ತಾರೆ. ಬಲೆ ಇಲ್ಲ. ಬೇಡದ ಮೀನು, ಆಮೆ, ಮರಿಗಳು ಸಿಕ್ಕಿ ಸಾಯುವ ಪ್ರಶ್ನೆ ಇಲ್ಲವೆನ್ನುವಷ್ಟು ಕಡಿಮೆ. ಜಗತ್ತು ಇಂದು ಹುಡುಕುತ್ತಿರುವ ಸುಸ್ಥಿರ ಮೀನುಗಾರಿಕೆ ಇವರ ಅಜ್ಜಂದಿರ ಕಾಲದಿಂದಲೂ ಇದೆ.

ಇಲ್ಲಿ ಸಾಲು ಜೋಡಿಸಿ ನೋಡಿ. ಹವಳ ಮತ್ತು ಲಗೂನ್ ಇದ್ದರೆ ಚಿಕ್ಕ ಮೀನು. ಚಿಕ್ಕ ಮೀನು ಇದ್ದರೆ ಚೂರ. ಚೂರ ಇದ್ದರೆ ಮಾಸ್, ಮಾಸ್ ಇದ್ದರೆ ಮಕ್ಕಳ ಶಾಲೆಯ ಖರ್ಚು, ಮಗಳ ಮದುವೆ. 'ಹವಳ ಉಳಿಸಿ' ಎಂಬ ಘೋಷಣೆ ಅಡುಗೆ ಮನೆಯ ಲೆಕ್ಕವಾಗಿ ಬದಲಾಗುವುದು ಹೀಗೆ.

ಆಮೆಯ ಪ್ರಶ್ನೆ

ಪರಿಸರ ಶಿಕ್ಷಕಿಯ ಕೆಲಸ ಎಲ್ಲಿ ಕಷ್ಟ ಎಂದು ನೀವು ಕೇಳಬಹುದು. ಅಗತ್ತಿಯ ಮೀನುಗಾರರು ಸೇರಿದ್ದ ಒಂದು ಕೂಟದಲ್ಲಿ ಹಿರಿಯರೊಬ್ಬರು ಎದ್ದು, 'ಮೋಳೇ, ಆಮೆಯನ್ನು ಕಾಪಾಡಿ ಎನ್ನುತ್ತೀರಿ. ಆಮೆ ನಮ್ಮ ಲಗೂನಿನ ಹುಲ್ಲನ್ನೆಲ್ಲ ಮೇಯ್ದು ಮುಗಿಸಿತು. ಹುಲ್ಲಿನಲ್ಲಿ ಬೆಳೆಯುತ್ತಿದ್ದ ಮೀನು ಹೋಯಿತು. ನಮ್ಮನ್ನು ಯಾರು ಕಾಪಾಡುತ್ತಾರೆ?' ಎಂದು ಕೇಳಿದರು.

'ಕಾಕಾ, ನೀವು ಹೇಳುವುದು ನಿಜ' ಎಂದೇ ನಾನು ಉತ್ತರಿಸಬೇಕಾಯಿತು. ಏಕೆಂದರೆ ಅದು ನಿಜ. ಲಗೂನಿನ ತಳದಲ್ಲಿ ಬೆಳೆಯುವ ಕಡಲ ಹುಲ್ಲು ಹಸಿರು ಕಡಲಾಮೆಯ ಆಹಾರ. ಅದೇ ಹುಲ್ಲು ಅನೇಕ ಮೀನುಗಳ ಮರಿಗಳಿಗೆ ಆಶ್ರಯ. ಹಿಂದೆ ದ್ವೀಪದವರು ಆಮೆಯ ಕೊಬ್ಬನ್ನು ಮರದ ದೋಣಿಗಳಿಗೆ ನೀರು ಹಿಡಿಯದಂತೆ ಬಳಿಯಲು ಉಪಯೋಗಿಸುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿತು. ದೋಣಿಗಳೂ ಬದಲಾದವು. ಆಮೆಯನ್ನು ತಿನ್ನುವ ದೊಡ್ಡ ಶಾರ್ಕ್‌ಗಳು ಬೇಟೆಯಿಂದಾಗಿ ಕಡಿಮೆಯಾದವು. ಆಮೆಗಳು ಒಂದೇ ಲಗೂನಿನಲ್ಲಿ ದಟ್ಟವಾಗಿ ಸೇರಿದವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ವರ್ಷಾನುಗಟ್ಟಲೆ ನೀರಿಗಿಳಿದು ಅಳೆದು ಇದನ್ನೇ ಕಂಡುಕೊಂಡರು. ಅಗತ್ತಿಯ ಹುಲ್ಲು ಮುಗಿದಾಗ ಆಮೆಗಳು ಬೇರೆ ದ್ವೀಪಗಳ ಲಗೂನಿಗೆ ಹೋದವು, ಅಲ್ಲಿಯೂ ಹಾಗೆಯೇ ಆಯಿತು. ಈ ಕುರಿತ ಅಧ್ಯಯನ 2021ರಲ್ಲಿ ಪ್ರಕಟವಾಗಿದೆ. ಮೀನುಗಾರರು ಅದನ್ನು ಮೊದಲೇ ಹೇಳಿದ್ದರು.

ಹಾಗಾದರೆ ಆಮೆಯನ್ನು ಕೊಲ್ಲಬೇಕೇ? ಆ ಕೂಟದಲ್ಲಿ ಯಾರೂ ಹಾಗೆ ಹೇಳಲಿಲ್ಲ. ಆದರೆ ಮಾತು ಮುಂದುವರಿದು ಶಾರ್ಕಿನ ಬಳಿಗೆ ಬಂತು. ಶಾರ್ಕ್ ಕಡಿಮೆಯಾದದ್ದಕ್ಕೂ ಹುಲ್ಲು ಮುಗಿದದ್ದಕ್ಕೂ ಸಂಬಂಧವಿರಬಹುದು ಎಂಬುದು ಕೆಲವರಿಗೆ ಹೊಸ ವಿಷಯವಾಗಿತ್ತು. ಸೃಷ್ಟಿಯಲ್ಲಿ ಒಂದನ್ನು ತೆಗೆದರೆ ತೂಕ ಇನ್ನೊಂದು ಕಡೆಗೆ ವಾಲುತ್ತದೆ. ಆಮೆ ಒಳ್ಳೆಯದು, ಮೀನುಗಾರ ಕೆಟ್ಟವನು ಎನ್ನುವ ಪಾಠ ಸುಳ್ಳು ಪಾಠ. ಅಂಥ ಪಾಠ ಹೇಳಿದ ದಿನ ಜನ ನಮ್ಮ ಮುಂದಿನ ಮಾತನ್ನು ಕೇಳುವುದಿಲ್ಲ.

ಬಿಳುಚಿದ ಹವಳ

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಭಾರವಾದದ್ದು. ನೀರಿನ ಬಿಸಿ ವಾಡಿಕೆಯ ಬೇಸಿಗೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಹಲವು ವಾರ ಹಾಗೆಯೇ ಉಳಿದರೆ, ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010 ಮತ್ತು 2016ರಲ್ಲಿ ದೊಡ್ಡ ಪ್ರಮಾಣದಲ್ಲಿ ಹೀಗಾಯಿತು. 2023ರ ಅಕ್ಟೋಬರ್‌ನಿಂದ ಸಮುದ್ರದಲ್ಲಿ ಬಿಸಿ ಮುಂದುವರಿದ ಕಾರಣ 2024ರಲ್ಲಿ ಮತ್ತೆ ಹಾಗಾಯಿತೆಂದು ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ತಿಳಿಸಿತು. ಅಗತ್ತಿ, ಕಡ್ಮತ್, ಕವರತ್ತಿಗಳಲ್ಲಿ 1998ರಿಂದ 24 ವರ್ಷ ನಡೆಸಿದ ಅಧ್ಯಯನದ ಪ್ರಕಾರ ಜೀವಂತ ಹವಳ ಸುಮಾರು ಅರ್ಧಕ್ಕಿಳಿದಿದೆ. ಬಂಗಾರಂ ಸಮೀಪದ ಪರಳಿ ಎಂಬ ಜನವಸತಿ ಇಲ್ಲದ ಪುಟ್ಟ ದ್ವೀಪಗಳಲ್ಲಿ ಒಂದು ಪೂರ್ತಿಯಾಗಿ ಕೊಚ್ಚಿಹೋಗಿದೆ ಎಂದು 2017ರಲ್ಲಿ ಸಂಶೋಧಕರು ವರದಿ ಮಾಡಿದರು.

ಬಿಳಿಯಾದ ಹವಳವನ್ನು ಬಕೆಟ್ಟಿನಲ್ಲಿ ನೋಡಿದ ಎಂಟನೆಯ ತರಗತಿಯ ಹುಡುಗಿಯೊಬ್ಬಳು, 'ಟೀಚರೇ, ನಾವು ತುಳಿಯಲಿಲ್ಲ. ಮತ್ತೆ ಯಾಕೆ ಸತ್ತಿತು?' ಎಂದು ಕೇಳಿದಳು. ಈ ಪ್ರಶ್ನೆಗೆ ಉತ್ತರ ದ್ವೀಪದಲ್ಲಿಲ್ಲ. ಜಗತ್ತಿನ ಕಾರ್ಖಾನೆಗಳು, ಕಲ್ಲಿದ್ದಲು, ಪೆಟ್ರೋಲ್ ಉಗುಳಿದ ಹೊಗೆ ಭೂಮಿಯ ಶಾಖವನ್ನು ಹಿಡಿದಿಟ್ಟಿದೆ. ಅದರ ಬಹುಪಾಲನ್ನು ಸಮುದ್ರ ನುಂಗಿಕೊಂಡಿದೆ. ಸೈಕಲ್ಲಿನಲ್ಲಿ ಊರು ಸುತ್ತುವ ಈ ಹುಡುಗಿ ಮಾಡಿದ ತಪ್ಪಲ್ಲ ಅದು.

ಹಾಗಾಗಿ ಹಲಗೆಯ ಮೇಲೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ 'ನಮ್ಮ ಕೈಯಲ್ಲಿರುವುದು', ಬಲಕ್ಕೆ 'ನಮ್ಮ ಕೈಯಲ್ಲಿಲ್ಲದ್ದು.' ಸಮುದ್ರದ ಬಿಸಿ ಬಲಕ್ಕೆ ಹೋಗುತ್ತದೆ. ಎಡಗಡೆಯ ಪಟ್ಟಿಯನ್ನು ಮಕ್ಕಳೇ ತುಂಬುತ್ತಾರೆ: ಹವಳದ ಮೇಲೆ ಲಂಗರು ಹಾಕದಿರುವುದು, ಬಾವಿಯ ಪಂಪು, ಪ್ಲಾಸ್ಟಿಕ್, ಗಿಳಿಮೀನು. ಗಿಳಿಮೀನು ಎಡಕ್ಕೆ ಬರಲು ಕಾರಣವಿದೆ. ಸತ್ತ ಹವಳದ ಮೇಲೆ ಪಾಚಿ ದಟ್ಟವಾಗಿ ಬೆಳೆದರೆ ಹೊಸ ಹವಳಕ್ಕೆ ನೆಲೆ ಸಿಗುವುದಿಲ್ಲ. ಪಾಚಿಯನ್ನು ಕೆರೆದು ಜಾಗ ಮಾಡಿಕೊಡುವುದು ಗಿಳಿಮೀನಿನಂಥವು. ಇತ್ತೀಚಿನ ವರ್ಷಗಳಲ್ಲಿ ದಿಬ್ಬದ ಮೀನುಗಳಿಗೆ ನಮ್ಮ ಕಡೆಯ ಮಾರುಕಟ್ಟೆಯಲ್ಲಿ ಬೇಡಿಕೆ ಹೆಚ್ಚಿದೆ. ಚೂರ ಬಿಟ್ಟು ಅವುಗಳನ್ನೇ ಹಿಡಿದರೆ ಪೆಟ್ಟು ತಿಂದ ದಿಬ್ಬ ಮತ್ತೆ ಏಳುವುದು ಕಷ್ಟ. ಕೈಯಲ್ಲಿಲ್ಲದ ಕಷ್ಟ ಬಂದಾಗ ಕೈಯಲ್ಲಿರುವುದನ್ನು ಸರಿಯಾಗಿ ಮಾಡಿದರೆ ಚೇತರಿಸಿಕೊಳ್ಳುವ ಶಕ್ತಿ ಉಳಿಯುತ್ತದೆ. ಮನೆಯ ಸಂಸಾರಕ್ಕೂ ಈ ಮಾತು ಹೊಂದುತ್ತದೆ, ಅಲ್ಲವೇ?

ಮದ್ರಸದ ಅಂಗಳದಲ್ಲಿ

ದ್ವೀಪದಲ್ಲಿ ಜನ ಹೆಚ್ಚು ಗೌರವದಿಂದ ಕೇಳುವುದು ಉಸ್ತಾದರ ಮಾತನ್ನು. ಲೋಟದ ಪ್ರಯೋಗವನ್ನು ಮದ್ರಸದಲ್ಲಿ ಮಾಡಿದಾಗ ಅಲ್ಲಿನ ಉಸ್ತಾದರು, ಹರಿಯುವ ನದಿಯ ದಡದಲ್ಲಿದ್ದರೂ ವುಝೂಗೆ ನೀರು ಪೋಲು ಮಾಡಬಾರದೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಮಕ್ಕಳಿಗೆ ನೆನಪಿಸಿದರು. ನದಿಯನ್ನೇ ಕಾಣದ ಮಕ್ಕಳು ತಮ್ಮ ಮಸೀದಿಯ ನಲ್ಲಿಗಳನ್ನು ಎಣಿಸಲು ಹೊರಟರು. ಸೋರುವ ನಲ್ಲಿಯ ಕೆಳಗೆ ಲೋಟವಿಟ್ಟು ಒಂದು ಗಂಟೆಗೆ ಎಷ್ಟು ನೀರು ಎಂದು ಅಳೆದು ಗೋಡೆಗೆ ಹಚ್ಚಿದರು. ಅದರ ನಂತರ ನಾನು ಹೇಳಲು ಉಳಿದದ್ದು ಸ್ವಲ್ಪವೇ.

ಇಂತಹ ಪ್ರಯತ್ನ ಬೇರೆ ಕಡೆಗಳಲ್ಲೂ ನಡೆದಿದೆ. ಆಫ್ರಿಕಾದ ತಾಂಜಾನಿಯಾಕ್ಕೆ ಸೇರಿದ ಪೆಂಬಾದ ಬಳಿ ಮಿಸಾಲಿ ಎಂಬ ಹವಳದ ದ್ವೀಪವಿದೆ. 1998ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಅಲ್ಲಿನ ಮೀನುಗಾರರೂ ಹೆಚ್ಚಾಗಿ ಮುಸ್ಲಿಮರು. ಸಿಡಿಮದ್ದು ಸಿಡಿಸಿ ಮೀನು ಹಿಡಿಯುವ ಪದ್ಧತಿ ದಿಬ್ಬವನ್ನು ಹಾಳು ಮಾಡುತ್ತಿತ್ತು. ಶ್ರೀಲಂಕಾ ಮೂಲದ ಫಝ್ಲುನ್ ಖಾಲಿದ್ ಅವರು ಇಂಗ್ಲೆಂಡಿನಲ್ಲಿ ಸ್ಥಾಪಿಸಿದ ಇಸ್ಲಾಮೀ ಪರಿಸರ ಸಂಸ್ಥೆಯು ಅಲ್ಲಿನ ಧಾರ್ಮಿಕ ಮುಖಂಡರು, ಶಿಕ್ಷಕರು, ಮೀನುಗಾರರ ಜೊತೆ ಕುಳಿತು, ಸೃಷ್ಟಿಯ ಹೊಣೆಗಾರಿಕೆಯ ಕುರಿತ ಕುರ್‌ಆನ್ ಬೋಧನೆಗಳ ಆಧಾರದಲ್ಲಿ ಶಿಬಿರಗಳನ್ನು ನಡೆಸಿತು. ಸರಕಾರದ ನಿಷೇಧದ ಫಲಕ ಮಾಡದ ಕೆಲಸವನ್ನು ಮನಸ್ಸಿಗೆ ತಟ್ಟುವ ಮಾತು ಮಾಡಬಲ್ಲದು ಎಂಬುದಕ್ಕೆ ಮಿಸಾಲಿಯನ್ನು ಇಂದಿಗೂ ಉದಾಹರಿಸುತ್ತಾರೆ.

ದಡದ ಈಚೆಗಿರುವ ನಮಗೆ

ನಿಮ್ಮ ಮನೆಯ ಹೆಣ್ಣುಮಗಳು ಜೀವಶಾಸ್ತ್ರ, ಭೂಗೋಳ ಅಥವಾ ಶಿಕ್ಷಣ ಶಾಸ್ತ್ರ ಓದುತ್ತಿದ್ದರೆ ಈ ಕ್ಷೇತ್ರವೂ ಇದೆ ಎಂದು ತಿಳಿಸಿ. 1984ರಲ್ಲಿ ಅಹಮದಾಬಾದಿನಲ್ಲಿ ಸ್ಥಾಪನೆಯಾದ ಪರಿಸರ ಶಿಕ್ಷಣ ಕೇಂದ್ರದಂಥ ಸಂಸ್ಥೆಗಳು ಈ ಕೆಲಸಕ್ಕೆ ದಾರಿ ಹಾಕಿವೆ. ಕೈತುಂಬಾ ಸಂಬಳ ಸಿಗುವ ಉದ್ಯೋಗವಲ್ಲ. ಬಿಸಿಲು, ತೇವ, ಮನೆಯವರಿಂದ ದೂರವಿರುವ ದಿನಗಳು ಇವೆ. ಪದವಿಗಿಂತ ಹೆಚ್ಚಾಗಿ ಬೇಕಾದುದು ಜನರ ಭಾಷೆಯಲ್ಲಿ ಮಾತನಾಡುವುದು ಮತ್ತು ಅವರ ಮಾತನ್ನು ಕೇಳಿಸಿಕೊಳ್ಳುವ ತಾಳ್ಮೆ. ಅದು ನಮ್ಮ ಹೆಣ್ಣುಮಕ್ಕಳಲ್ಲಿ ಕಡಿಮೆಯೇನಿಲ್ಲ.

ಲಕ್ಷದ್ವೀಪಕ್ಕೆ ಪ್ರವಾಸ ಹೋಗುವವರಿಗೆ ಒಂದೆರಡು ಮಾತು. ಹವಳ ಅಥವಾ ದೊಡ್ಡ ಶಂಖ, ಚಿಪ್ಪುಗಳನ್ನು ನೆನಪಿಗೆಂದು ತರಬೇಡಿ. ಹವಳವನ್ನು ತೆಗೆಯುವುದು ಕಾನೂನಿನ ಪ್ರಕಾರ ಅಪರಾಧ. ಕೊಂಡುಹೋದ ಪ್ಲಾಸ್ಟಿಕ್ಕನ್ನು ವಾಪಸು ತನ್ನಿ, ಏಕೆಂದರೆ ಅಲ್ಲಿ ಅದನ್ನು ಹೂಳಲು ಜಾಗವಿಲ್ಲ, ಸುಟ್ಟರೆ ಹೊಗೆ ಮನೆಯಂಗಳಕ್ಕೇ ಬರುತ್ತದೆ. ಬಾವಿಯ ನೀರನ್ನು ಅಳತೆಯಿಂದ ಬಳಸಿ. ಮೀನು ತಿನ್ನುವುದಾದರೆ ಚೂರ ಕೇಳಿ.

ಹೋಗದವರಿಗೂ ಹೇಳಲಿಕ್ಕಿದೆ. ಹಲಗೆಯ ಬಲಗಡೆ ಆ ಮಕ್ಕಳು 'ನಮ್ಮ ಕೈಯಲ್ಲಿಲ್ಲ' ಎಂದು ಬರೆದ ವಿಷಯದ ಒಂದು ಪಾಲು ನಮ್ಮ ಕೈಯಲ್ಲಿದೆ. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುವ ದೀಪ, ಹತ್ತಿರದ ಅಂಗಡಿಗೂ ತೆಗೆಯುವ ಕಾರು, ಮದುವೆಯ ಔತಣದಲ್ಲಿ ಮಿಕ್ಕಿ ಚರಂಡಿ ಸೇರುವ ಅನ್ನ, ತೋಡಿಗೆ ಎಸೆಯುವ ಪ್ಲಾಸ್ಟಿಕ್ ಚೀಲ ಇವೆಲ್ಲ ಚಿಕ್ಕವೇ. ದ್ವೀಪವನ್ನು ಕಟ್ಟಿದ ಹವಳದ ಜೀವಿಯೂ ಚಿಕ್ಕದೇ. ಈ ತಿಂಗಳು ನಿಮ್ಮ ಮನೆಯ ಗೋಡೆಗೂ ಅಂಥದೊಂದು ಪಟ್ಟಿ ಹಚ್ಚಿ. ಎಡಗಡೆ ಏನು ಬರೆಯಬೇಕೆಂದು ಮಕ್ಕಳನ್ನೇ ಕೇಳಿ. ಅವರು ಹೇಳುವುದು ನಮಗಿಂತ ಹೆಚ್ಚೇ ಇರುತ್ತದೆ.